ಎಂಜಿನ್ನಿಗೆ ಗಾಳಿ ಬೇಕು, ಧೂಳು ನೀರು ಬೇಡ

ಒಂದು ಲೀಟರ್ ಡೀಸೆಲ್ ಉರಿಯಲು ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಕುಲಗೋಡದ ಕಡೆಯಿಂದ ಹುಣಶ್ಯಾಳ ಪಿ.ಜಿ.ಯ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆಯುವ ಟ್ರ್ಯಾಕ್ಟರಾಗಲಿ ಲಾರಿಯಾಗಲಿ, ಮುಂದಿನ ಗಾಡಿ ಎಬ್ಬಿಸಿದ ಧೂಳಿನೊಳಗಿಂದಲೇ ಆ ಗಾಳಿಯನ್ನು ಎಳೆದುಕೊಳ್ಳಬೇಕು. ಹಂಗಾಮಿನಲ್ಲಿ ಎರೆಮಣ್ಣಿನ ಧೂಳು, ಶ್ರಾವಣದಲ್ಲಿ ಘಟಪ್ರಭೆಯ ನೀರು. ಎಂಜಿನ್ ತಯಾರಿಸುವವರು ಧೂಳಿನ ಬಗ್ಗೆ ನೂರು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ನೀರಿನ ವಿಷಯವನ್ನು ಬಹುಮಟ್ಟಿಗೆ ಡ್ರೈವರನ ತಿಳಿವಳಿಕೆಗೇ ಬಿಟ್ಟಿದ್ದಾರೆ.

ಮೊದಮೊದಲ ಟ್ರ್ಯಾಕ್ಟರುಗಳಿಗೆ ಫಿಲ್ಟರೇ ಇರಲಿಲ್ಲ. ಒಳಗೆ ಹೋದ ಧೂಳು ಎಣ್ಣೆಯ ಜೊತೆ ಸೇರಿ ಲೈನರನ್ನೂ ಪಿಸ್ಟನ್ ರಿಂಗನ್ನೂ ಸವೆಸಿಬಿಡುತ್ತಿತ್ತು. ಅಮೆರಿಕದಲ್ಲಿ ಟ್ರ್ಯಾಕ್ಟರ್ ಮಾರುತ್ತಿದ್ದ ಫ್ರ್ಯಾಂಕ್ ಡೊನಾಲ್ಡ್‌ಸನ್ ಇದನ್ನು ಕಂಡು, ತಂತಿಯ ಚೌಕಟ್ಟಿಗೆ ಬಟ್ಟೆ ಹೊದಿಸಿ ಒಂದು ಫಿಲ್ಟರ್ ಮಾಡಿದ. ಅವನ ಹೆಸರಿನ ಕಂಪನಿ ಹುಟ್ಟಿದ್ದು 1915ರಲ್ಲಿ. ಇಂದಿಗೂ ಅದು ಇದೇ ಧಂದೆಯಲ್ಲಿದೆ.

ಬಟ್ಟೆಯ ನಂತರ ಬಂದದ್ದು ಎಣ್ಣೆ ಡಬ್ಬಿಯ ಏರ್ ಕ್ಲೀನರ್. ನಮ್ಮ ರೈತರಿಗೆ ಇದರಷ್ಟು ಪರಿಚಿತವಾದ ಭಾಗ ಬೇರೆ ಇಲ್ಲ. ಗಾಳಿ ನಡುಗೊಳವೆಯಲ್ಲಿ ಇಳಿದು, ತಳದ ಎಣ್ಣೆಗೆ ಬಡಿದು, ಗಕ್ಕನೆ ಮೇಲಕ್ಕೆ ತಿರುಗುತ್ತದೆ. ಭಾರದ ಧೂಳು ತಿರುಗಲಾರದೆ ಎಣ್ಣೆಯಲ್ಲೇ ಉಳಿಯುತ್ತದೆ, ಮಿಕ್ಕಿದ್ದು ಎಣ್ಣೆ ಹತ್ತಿದ ತಂತಿಬಲೆಗೆ ಅಂಟುತ್ತದೆ. ವಾರಕ್ಕೊಮ್ಮೆ ಕ್ಲಿಪ್ಪು ತೆಗೆದು ಡಬ್ಬಿ ಇಳಿಸಿದರೆ ಕೆಳಗೆ ಬೆರಳು ಮುಳುಗುವಷ್ಟು ಕಪ್ಪು ಕೆಸರು ಸಿಗುತ್ತದೆ. ಕೆರೆದು, ಡೀಸೆಲ್‌ನಲ್ಲಿ ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕಿದರೆ ಮುಗಿಯಿತು. ಪೇಟೆಗೆ ಹೋಗುವ ಕೆಲಸವಿಲ್ಲ. 1954ರಲ್ಲಿ ಟಾಟಾದವರ ಟೆಲ್ಕೋ ಕಂಪನಿ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಕಟ್ಟತೊಡಗಿದ ಮೇಲೆ ಬಂದ ಮೂತಿ ಲಾರಿಗಳ ಕಾಲವೆಲ್ಲ ಈ ಡಬ್ಬಿಯದೇ. ಕೊರತೆ ಇಲ್ಲವೆಂದಲ್ಲ. ಎಂಜಿನ್ ನಿಧಾನವಾಗಿ ತಿರುಗುವಾಗ ಗಾಳಿಗೆ ವೇಗ ಸಾಲದೆ ಸಣ್ಣ ಧೂಳು ನುಸುಳುತ್ತದೆ. ಗುರುತು ಮೀರಿ ಎಣ್ಣೆ ತುಂಬಿದರೆ ಎಂಜಿನ್ ಆ ಎಣ್ಣೆಯನ್ನೇ ಹೀರುತ್ತದೆ.

ಮಡಿಕೆ ಮಡಿಕೆಯಾದ ಪೇಪರ್ ಫಿಲ್ಟರ್ ಈ ಕೊರತೆ ನೀಗಿಸಿತು. ಅದು ನೂರಕ್ಕೆ 99.9ರಷ್ಟು ಧೂಳನ್ನು ತಡೆಯಬಲ್ಲದು. ಫಿಲ್ಟರುಗಳ ಪರೀಕ್ಷೆಗೆ ಬಳಸುತ್ತ ಬಂದ ಧೂಳು ಅಮೆರಿಕದ ಅರಿಜೋನಾ ಮರುಭೂಮಿಯದು. ನಮ್ಮ ಕಬ್ಬಿನ ದಾರಿಯ ಧೂಳು ಅದಕ್ಕೇನೂ ಕಡಿಮೆಯಿಲ್ಲ! ಹೊಗೆಯ ನಿಯಮ ಬಿಗಿಯಾದಂತೆ, 2017ರ ಬಿಎಸ್-4, 2020ರ ಬಿಎಸ್-6 ಹೊತ್ತಿಗೆ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಲಾರಿಯೇ ಅಪರೂಪವಾಯಿತು. ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಟರ್ಬೊ ಚಕ್ರಕ್ಕೆ ಮರಳಿನ ಕಣವೂ ಉಳಿಯಂತೆ ತಾಗುತ್ತದೆ.

ಆದರೆ ಪೇಪರ್ ಬಂದು ನಮ್ಮವರ ಕೈಗೆ ಕಂಪ್ರೆಸರ್ ಕೊಟ್ಟಿತು. ದಿನಾ ಸಂಜೆ ಪಂಕ್ಚರ್ ಅಂಗಡಿಯಲ್ಲಿ ಜೋರಾಗಿ ಗಾಳಿ ಹೊಡೆಸಿ, ಕಾಣದಷ್ಟು ಸಣ್ಣ ತೂತು ಬಿದ್ದ ಪೇಪರನ್ನೇ ಮತ್ತೆ ಕೂರಿಸುತ್ತಾರೆ. ಪೇಪರ್ ಕೂರುವ ಡಬ್ಬಿಯ ತಳದಲ್ಲಿ ಧೂಳು, ನೀರು ಉದುರಲೆಂದು ಇಟ್ಟ ರಬ್ಬರ್ ಮೂತಿ ಕಳಚಿ ಬಿದ್ದರೆ ಹೊಸದು ತರುವವರು ಕಡಿಮೆ. ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ಅದರಾಚೆಯ ಹೋಸ್ ಪೈಪು ಸೀಳಿದ್ದರೆ, ಕ್ಲಾಂಪು ಸಡಿಲಿದ್ದರೆ ದುಡ್ಡು ದಂಡ. ಎಂಜಿನ್ ಬೋರಿಗೆ ಬರುವುದು ಹೆಚ್ಚಾಗಿ ಈ ಸಣ್ಣ ಸಾಮಾನಿನಿಂದಲೇ ಎಂಬುದು ನನ್ನ ಅಭಿಪ್ರಾಯ.

ಪೇಪರಿಗೆ ನೀರು ಆಗದು. ನೆನೆದರೆ ಉಬ್ಬಿ ಗಾಳಿ ಕಟ್ಟುತ್ತದೆ. ಹಿಮ ಬೀಳುವ ದೇಶಗಳಲ್ಲಿ ಪುಡಿ ಹಿಮ ಒಳಹೊಕ್ಕು, ಕರಗಿ, ಮತ್ತೆ ಗಡ್ಡೆಕಟ್ಟುತ್ತದೆ. ಅದಕ್ಕೆಂದೇ ಅಲ್ಲಿನ ಕೆಲವು ಲಾರಿಗಳಲ್ಲಿ ಚಳಿಗಾಲಕ್ಕೆ ಬಾನೆಟ್ಟಿನೊಳಗಿನ ಬೆಚ್ಚನೆ ಗಾಳಿ ಎಳೆಯುವ ಬಾಗಿಲಿರುತ್ತದೆ. ಇಲ್ಲಿನ ಲಾರಿಗಳಲ್ಲಿ ಕ್ಯಾಬಿನ್ ಹಿಂದೆ ಎತ್ತರಕ್ಕೆ ನಿಂತ ಕೊಳವೆ ಮಳೆ, ಧೂಳು ಎರಡಕ್ಕೂ ಉತ್ತರ. ಟ್ರ್ಯಾಕ್ಟರಿನ ಕೊಳವೆ ಅಷ್ಟು ಎತ್ತರವಿಲ್ಲ.

2019ರ ಆಗಸ್ಟಿನಲ್ಲಿ ಹಿಡಕಲ್ ಜಲಾಶಯದ ನೀರಿಗೆ ಘಟಪ್ರಭೆ ಉಕ್ಕಿ, ಮಾರ್ಕಂಡೇಯವೂ ಸೇರಿ ಗೋಕಾಕದೊಳಗೇ ಹೊಳೆ ಹೊಕ್ಕಿತು. ಲೋಳಸೂರ ಸೇತುವೆ ಮುಳುಗಿತು. ಅಂಥ ನೀರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಕಿಡಿ ಆರಿ ಅದು ನಿಲ್ಲಬಹುದು. ಡೀಸೆಲ್‌ಗೆ ಕಿಡಿಯೇ ಬೇಡ, ಗಾಳಿ ಸಿಗುವವರೆಗೆ ಓಡುತ್ತದೆ, ಕೊನೆಗೆ ನೀರನ್ನೇ ಎಳೆಯುತ್ತದೆ. ಒಂದು ಲೀಟರಿನ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ ಸುಮಾರು 60 ಮಿಲಿಲೀಟರ್. ಅದಕ್ಕಿಂತ ಹೆಚ್ಚು ನೀರು ಹೊಕ್ಕರೆ, ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಆದ್ದರಿಂದ ಮುಳುಗಿದ ಗಾಡಿಯ ಕೀಲಿ ತಿರುವಬೇಡಿ, ತಳ್ಳಿಯೂ ಚಾಲೂ ಮಾಡಬೇಡಿ. ಬ್ಯಾಟರಿ ವೈರು ಬಿಚ್ಚಿ, ಮಿಸ್ತ್ರಿಯನ್ನು ಕರೆಸಿ, ಇಂಜೆಕ್ಟರ್ ತೆಗೆಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿಸಿ. ಎಣ್ಣೆ, ಫಿಲ್ಟರ್ ಎಲ್ಲ ಬದಲಿಸಿದ ಮೇಲೆಯೇ ಸ್ಟಾರ್ಟ್ ಮಾಡಿ.