ಓಕ್‌ಲ್ಯಾಂಡ್ ಧ್ಯಾನಕೇಂದ್ರ: ಬಾಗಿಲು ತೆರೆದಿದ್ದರಷ್ಟೇ ಸಾಲದು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದಲ್ಲಿರುವ ಬಂದರು ನಗರ ಓಕ್‌ಲ್ಯಾಂಡ್. ಇದರ ನಡುಭಾಗದಲ್ಲಿ 2007ರ ಜನವರಿಯಲ್ಲಿ ಆರಂಭಗೊಂಡ ‘ಈಸ್ಟ್ ಬೇ ಮೆಡಿಟೇಷನ್ ಸೆಂಟರ್’ ಎಂಬ ಬೌದ್ಧ ಧ್ಯಾನಕೇಂದ್ರ, ಆ ದೇಶದ ಧ್ಯಾನಸಮುದಾಯಗಳಲ್ಲಿ ವಿಶಿಷ್ಟ ಸ್ಥಾನ ಪಡೆದಿದೆ. ಬೆಟ್ಟದ ತಪ್ಪಲಿನ ಆಶ್ರಮ ಇದಲ್ಲ. ವಾಹನಗಳ ಸದ್ದಿನ ನಡುವೆ, ಪೇಟೆಬೀದಿಯ ಮಳಿಗೆಯೊಂದರಲ್ಲಿ ಹುಟ್ಟಿದ ಕೇಂದ್ರ. 2012ರ ಸುಮಾರಿಗೆ ಸಮೀಪದ ಇನ್ನೊಂದು ಬೀದಿಯ ಹೆಚ್ಚು ವಿಶಾಲವಾದ ಸ್ಥಳಕ್ಕೆ ಅದು ಸ್ಥಳಾಂತರಗೊಂಡಿತು.

ಬುದ್ಧನ ಬೋಧೆ ಎಲ್ಲರಿಗೂ ಸಲ್ಲುವುದೆಂದು ಯಾವ ಕೇಂದ್ರ ತಾನೇ ಹೇಳುವುದಿಲ್ಲ? ಹೀಗಿದ್ದೂ ‘ಎಲ್ಲರೂ’ ಬರುತ್ತಿಲ್ಲವೇಕೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡಿರುವುದೇ ಓಕ್‌ಲ್ಯಾಂಡ್ ಕೇಂದ್ರದ ವೈಶಿಷ್ಟ್ಯ.

ಎರಡು ಧಾರೆಗಳು

ಅಮೆರಿಕಕ್ಕೆ ಬೌದ್ಧಧರ್ಮವನ್ನು ಮೊದಲು ಕೊಂಡೊಯ್ದವರು ಚೀನಾ ಹಾಗೂ ಜಪಾನಿನ ವಲಸಿಗರು. ಜಪಾನಿನ ಶುದ್ಧಭೂಮಿ ಪಂಥದ ಇಬ್ಬರು ಅರ್ಚಕರು 1899ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದಿದ್ದರು. ಧ್ಯಾನವನ್ನೇ ಕೇಂದ್ರವಾಗಿಸಿಕೊಂಡ ಎರಡನೆಯ ಧಾರೆ ಬಹುಮಟ್ಟಿಗೆ 1960ರ ದಶಕದ ಕೂಸು. ಆಗ ಏಷ್ಯಾಕ್ಕೆ ಬಂದ ಅಮೆರಿಕನ್ ತರುಣರಲ್ಲಿ ಜೋಸೆಫ್ ಗೋಲ್ಡ್‌ಸ್ಟೈನ್ ಬುದ್ಧಗಯೆಯಲ್ಲಿ ಅನಾಗಾರಿಕ ಮುನೀಂದ್ರರಿಂದ ವಿಪಶ್ಯನವನ್ನು ಕಲಿತರು. ಜ್ಯಾಕ್ ಕಾರ್ನ್‌ಫೀಲ್ಡ್ ಥಾಯ್ಲೆಂಡಿನ ಅರಣ್ಯವಾಸಿ ಭಿಕ್ಷು ಅಜಾನ್ ಚಾ ಅವರ ಶಿಷ್ಯರಾದರು. ಶರೋನ್ ಸಾಲ್ಜ್‌ಬರ್ಗ್ ಅವರೊಡಗೂಡಿ ಇವರು 1975ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಇನ್‌ಸೈಟ್ ಮೆಡಿಟೇಷನ್ ಸೊಸೈಟಿಯನ್ನು ಸ್ಥಾಪಿಸಿದರು. ಮುಂದೆ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಸ್ಪಿರಿಟ್ ರಾಕ್ ಕೇಂದ್ರ ತಲೆಯೆತ್ತಿತು.

ಇಂಥ ಕೇಂದ್ರಗಳ ಬಾಗಿಲಲ್ಲಿ ಯಾರನ್ನೂ ತಡೆಯುತ್ತಿರಲಿಲ್ಲ. ಆದರೆ ಮರಿನ್ ಅಮೆರಿಕದ ಸಿರಿವಂತ ಕೌಂಟಿಗಳಲ್ಲೊಂದು. ಅಲ್ಲಿಗೆ ಹೋಗಲು ಕಾರು ಬೇಕು, ವಾರಗಟ್ಟಲೆ ಮೌನಶಿಬಿರಕ್ಕೆ ರಜೆ ಬೇಕು, ಊಟ–ವಸತಿಗೆ ಹಣ ಬೇಕು. ಪರಿಣಾಮವಾಗಿ ಧ್ಯಾನಮಂದಿರದ ದಿಂಬುಗಳ ಮೇಲೆ ಕುಳಿತವರಲ್ಲಿ ಬಹುಪಾಲು ಅನುಕೂಲಸ್ಥ ಬಿಳಿಯರೇ ಆಗಿದ್ದರು. ಬೌದ್ಧ ಸಮುದಾಯಗಳೊಳಗಿನ ವರ್ಣಭೇದದ ಅನುಭವಗಳನ್ನು ಸಂಗ್ರಹಿಸಿದ ಕಿರುಪುಸ್ತಕವೊಂದು 2000ದಲ್ಲಿ ಹೊರಬಂದು, ಬೌದ್ಧ ಗುರುಗಳ ಮುಂದೆಯೇ ಈ ಪ್ರಶ್ನೆಯನ್ನಿಟ್ಟಿತು.

ಕೊಲ್ಲಿಯ ಈಚೆ ದಡದ ಓಕ್‌ಲ್ಯಾಂಡಿನ ಚಿತ್ರವೇ ಬೇರೆ. ಬ್ಲ್ಯಾಕ್ ಪ್ಯಾಂಥರ್ ಪಕ್ಷ 1966ರಲ್ಲಿ ಜನ್ಮತಳೆದದ್ದು ಇಲ್ಲಿಯೇ. 2020ರ ಜನಗಣತಿಯಂತೆ ಸುಮಾರು 4.4 ಲಕ್ಷ ಜನಸಂಖ್ಯೆಯ ಈ ನಗರದಲ್ಲಿ ಯಾವೊಂದು ಜನಾಂಗವೂ ಬಹುಸಂಖ್ಯಾತವಲ್ಲ. ಚೀನೀ ಮೂಲದ ಲ್ಯಾರಿ ಯಾಂಗ್, ಆಫ್ರಿಕನ್ ಮೂಲದ ಸ್ಪ್ರಿಂಗ್ ವಾಷಮ್, ಜಪಾನೀ ಮೂಲದ ಮುಶಿಮ್ ಪ್ಯಾಟ್ರೀಷಿಯಾ ಇಕೆಡಾ ಮೊದಲಾದವರು ಈ ಕೇಂದ್ರದ ಆರಂಭಿಕ ಗುರುಗಳಲ್ಲಿ ಪ್ರಮುಖರು.

ಬೇರೆ ಸಂಜೆಗಳೇಕೆ?

ಕೇಂದ್ರದ ಅತ್ಯಂತ ಚರ್ಚಾಸ್ಪದ ವ್ಯವಸ್ಥೆಯೆಂದರೆ ಪ್ರತ್ಯೇಕ ‘ಸಂಘ’ಗಳು. ಎಲ್ಲರಿಗೂ ತೆರೆದ ಕೂಟಗಳ ಜೊತೆಗೆ, ಬಿಳಿಯರಲ್ಲದವರಿಗಾಗಿ ಗುರುವಾರದ ಸಂಜೆ, ಲೈಂಗಿಕ ಅಲ್ಪಸಂಖ್ಯಾತರಿಗಾಗಿ ಮಂಗಳವಾರದ ಸಂಜೆ ಬಹುಕಾಲ ಮೀಸಲಾಗಿದ್ದವು. ಎರಡನೆಯದರ ಹೆಸರು ‘ಆಲ್ಫಾಬೆಟ್ ಸಂಘ’. ಲೈಂಗಿಕ ಅಲ್ಪಸಂಖ್ಯಾತರನ್ನು ಸೂಚಿಸುವ ಇಂಗ್ಲಿಷ್ ಅಕ್ಷರಗಳ ಸಾಲು ಬೆಳೆಯುತ್ತಲೇ ಹೋದುದನ್ನು ತಮಾಷೆಯಾಗಿ ನೆನಪಿಸುವ ಹೆಸರಿದು. ಅಂಗವಿಕಲರು ಮತ್ತು ದೀರ್ಘಕಾಲದ ಕಾಯಿಲೆಯುಳ್ಳವರಿಗಾಗಿ ‘ಎವ್ರಿ ಬಾಡಿ ಎವ್ರಿ ಮೈಂಡ್’ ಎಂಬ ಮತ್ತೊಂದು ಸಂಘವಿದೆ. ಬೆನ್ನು ನೆಟ್ಟಗೆ ಮಾಡಿ ಪದ್ಮಾಸನ ಹಾಕಿದವನೇ ಧ್ಯಾನಿ ಎಂಬ ಚಿತ್ರವನ್ನು ಇದು ಬದಿಗಿಟ್ಟಿದೆ. ಕುರ್ಚಿಯಲ್ಲಿ, ಗಾಲಿಕುರ್ಚಿಯಲ್ಲಿ, ನೆಲದ ಮೇಲೆ ಮಲಗಿಯೂ ಧ್ಯಾನ ಸಲ್ಲುತ್ತದೆ.

‘ನಾನು’ ಎಂಬುದೇ ಭ್ರಮೆಯೆಂದು ಸಾರುವ ಧರ್ಮದಲ್ಲಿ ಬಣ್ಣ, ಲಿಂಗಗಳ ಹೆಸರಿನಲ್ಲಿ ಬೇರೆ ಬೇರೆ ಕೂಟಗಳೇ ಎಂಬ ಆಕ್ಷೇಪಣೆ ಸಹಜ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೇಲಿಯೊಂದನ್ನು ಕೆಡವಲು ಹೊರಟು ಮತ್ತೊಂದನ್ನು ಕಟ್ಟಿದಂತಾಗುವ ಅಪಾಯ ಇದ್ದೇ ಇದೆ. ಇದಕ್ಕೆ ಕೇಂದ್ರದ ಗುರುಗಳ ಉತ್ತರ ಸರಳ: ದಿನವಿಡೀ ಎಚ್ಚರದಿಂದ ಮೈ ಬಿಗಿಹಿಡಿದು ಬದುಕುವವನು ಕಣ್ಣು ಮುಚ್ಚಿ ಕೂರಬೇಕಾದರೆ ಮೊದಲು ಭಯವಿಲ್ಲದ ಒಂದು ಕೋಣೆ ಬೇಕು. ಲ್ಯಾರಿ ಯಾಂಗ್ 2017ರಲ್ಲಿ ಪ್ರಕಟಿಸಿದ ‘ಅವೇಕನಿಂಗ್ ಟುಗೆದರ್’ ಎಂಬ ಗ್ರಂಥ ಒಳಗೊಳ್ಳುವಿಕೆಯನ್ನೇ ಒಂದು ಸಾಧನೆಯಾಗಿ ವಿವೇಚಿಸುತ್ತದೆ.

ಬುದ್ಧನ ಕಾಲದ ಸಂಘದಲ್ಲಿಯೂ ಈ ಪ್ರಶ್ನೆ ಎದುರಾಗಿತ್ತು. ವಿನಯಪಿಟಕದ ಕಥೆಯಂತೆ, ಆನಂದ, ಅನುರುದ್ಧ ಮೊದಲಾದ ಶಾಕ್ಯ ಕುಲೀನರು ಕ್ಷೌರಿಕ ಉಪಾಲಿಯೊಂದಿಗೆ ಪ್ರವ್ರಜ್ಯೆಗೆ ಬಂದಾಗ, ಮೊದಲು ಉಪಾಲಿಗೇ ದೀಕ್ಷೆ ನೀಡಬೇಕೆಂದು ಸ್ವತಃ ಕೋರಿದರು. ಸಂಘದಲ್ಲಿ ಹಿರಿತನ ನಿರ್ಧಾರವಾಗುವುದು ದೀಕ್ಷೆಯ ಕ್ರಮದಿಂದ. ಹೀಗಾಗಿ ನಿನ್ನೆಯವರೆಗೆ ತಮ್ಮ ತಲೆಗೂದಲು ತೆಗೆಯುತ್ತಿದ್ದವನಿಗೆ ಅವರು ಕೈಮುಗಿಯಬೇಕಾಯಿತು. ಶಾಕ್ಯರ ಅಹಂಕಾರ ಕರಗಲೆಂಬುದೇ ಉದ್ದೇಶ. ಎಲ್ಲರಿಗೂ ಪ್ರವೇಶವಿದೆ ಎಂದರಷ್ಟೇ ಆಗಿರಲಿಲ್ಲ, ಸಾಲನ್ನೇ ಬದಲಿಸಬೇಕಾಗಿತ್ತು. ಅದೇ ಉಪಾಲಿ ರಾಜಗೃಹದ ಪ್ರಥಮ ಸಂಗೀತಿಯಲ್ಲಿ ವಿನಯವನ್ನು ಪಠಿಸಿದನು.

ಊದುಬತ್ತಿಯಿಲ್ಲದ ಮಂದಿರ

ನಮ್ಮವರಿಗೆ ಅಚ್ಚರಿ ತರುವ ಇನ್ನೊಂದು ನಿಯಮ ಇಲ್ಲಿದೆ. ಸುಗಂಧದ್ರವ್ಯ ಪೂಸಿಕೊಂಡು, ಪರಿಮಳದ ಸಾಬೂನು, ಎಣ್ಣೆ ಬಳಸಿ ಬರಬಾರದೆಂದು ಕೇಂದ್ರ ಕೋರುತ್ತದೆ. ಉಬ್ಬಸ, ತಲೆನೋವು ಹಾಗೂ ರಾಸಾಯನಿಕಗಳ ಬಾಧೆಯುಳ್ಳವರಿಗೆ ಪಕ್ಕದವರ ಅತ್ತರೇ ಹೊರಹಾಕುವ ಆಜ್ಞೆಯಾಗಬಲ್ಲದು ಎಂಬುದು ಕಾರಣ. ಧೂಪ, ಮಲ್ಲಿಗೆಗಳಿಲ್ಲದ ಪ್ರಾರ್ಥನಾಸ್ಥಳವನ್ನು ಕಲ್ಪಿಸಿಕೊಳ್ಳುವುದೇ ನಮಗೆ ಕಷ್ಟ.

ಹಣದ ವಿಷಯದಲ್ಲಿಯೂ ಕೇಂದ್ರ ತನ್ನದೇ ಹಾದಿ ಹಿಡಿದಿದೆ. ಕನ್ನಡಿಗರಿಗೆ ಸಂಘವೆಂದೊಡನೆ ಷೇರುಹಣ, ಸದಸ್ಯತ್ವ, ರಸೀದಿಪುಸ್ತಕ ನೆನಪಾಗುತ್ತವೆ. ಇಲ್ಲಿ ಬೋಧೆಗೆ ಶುಲ್ಕ ನಿಗದಿಯಾಗಿಲ್ಲ. ‘ದಾನ’ ಎಂಬ ಪಾಲಿ ಪದವನ್ನೇ ಬಳಸಿ, ಬಂದವರು ಕೊಟ್ಟದ್ದರಿಂದ ಗುರುಗಳ ಗೌರವಧನ, ಸ್ಥಳದ ವೆಚ್ಚ ಎಲ್ಲವೂ ಸಾಗಬೇಕೆಂಬ ನೀತಿ ಮೊದಲಿನಿಂದಲೂ ಇದೆ. ಜಾಗದ ಬೆಲೆ ದುಬಾರಿಯಾದ ನಗರದಲ್ಲಿ ಇದು ಸಣ್ಣ ಸಾಹಸವಲ್ಲ.

ಸಂಜೆಯ ಕೂಟದ ಸ್ವರೂಪ ಮಾತ್ರ ಇತರೆಡೆಯಂತೆಯೇ: ಸ್ವಲ್ಪ ಹೊತ್ತು ಮೌನಧ್ಯಾನ, ಬಳಿಕ ಉಪನ್ಯಾಸ, ಚರ್ಚೆ. ಆದರೆ ಚರ್ಚೆಗೆ ಲಿಖಿತ ಒಡಂಬಡಿಕೆಗಳಿವೆ. ಹೆಚ್ಚು ಮಾತನಾಡುವ ಅಭ್ಯಾಸವುಳ್ಳವರು ಹಿಂದೆ ಸರಿಯಬೇಕು, ಸುಮ್ಮನಿರುವವರು ಮುಂದೆ ಬರಬೇಕು. ಭಿನ್ನಾಭಿಪ್ರಾಯ ಸರಿ, ದೂಷಣೆ, ಅವಮಾನ ಸಲ್ಲದು. ಆಡಿದವನ ಉದ್ದೇಶ ಒಳ್ಳೆಯದಿದ್ದರೂ ಕೇಳಿದವನ ಮೇಲಾದ ಪರಿಣಾಮವನ್ನು ಅಲ್ಲಗಳೆಯಬಾರದು. ವಿಷನ್ಸ್ ಎಂಬ ಸಂಸ್ಥೆ ರೂಪಿಸಿದ ನಿಯಮಗಳನ್ನು ಆಧರಿಸಿದ ಈ ಪಟ್ಟಿಯನ್ನು ಬೇರೆ ಧ್ಯಾನಸಮುದಾಯಗಳೂ ಎರವಲು ಪಡೆದಿವೆ.

ಈ ಚಿಂತನೆಯ ಪ್ರಭಾವ ಓಕ್‌ಲ್ಯಾಂಡಿಗೆ ಸೀಮಿತವಾಗಿ ಉಳಿಯಲಿಲ್ಲ. ಮ್ಯಾಸಚೂಸೆಟ್ಸ್‌ನ ಇನ್‌ಸೈಟ್ ಮೆಡಿಟೇಷನ್ ಸೊಸೈಟಿ 2017ರಲ್ಲಿ ಆರಂಭಿಸಿದ ಗುರುಗಳ ತರಬೇತಿಯಲ್ಲಿ ಬಹುಪಾಲು ಅಭ್ಯರ್ಥಿಗಳು ಬಿಳಿಯರಲ್ಲದವರಾಗಿದ್ದರು.

ಕೊರೋನಾ ಸೋಂಕಿನ ಕಾರಣ 2020ರ ಮಾರ್ಚಿಯಲ್ಲಿ ಕೇಂದ್ರದ ಕೂಟಗಳು ಅಂತರ್ಜಾಲಕ್ಕೆ ವರ್ಗಾವಣೆಗೊಂಡವು. ಒಂದೇ ಕೋಣೆಯಲ್ಲಿ ಉಸಿರಾಡುವ ಸಾಂಗತ್ಯ ಅನೇಕರಿಗೆ ತಪ್ಪಿಹೋಯಿತು. ಅದೇ ಹೊತ್ತಿಗೆ, ಹಾಸಿಗೆ ಬಿಟ್ಟು ಏಳಲಾರದ, ಬಸ್ಸು ಹತ್ತಲಾರದ ರೋಗಿಗಳಿಗೆ ಮನೆಯಿಂದಲೇ ಸಂಘದಲ್ಲಿ ಕೂರುವ ದಾರಿಯೂ ತೆರೆದುಕೊಂಡಿತು.