ಮಣಿಸರದಿಂದ ತಾಯಿ ಕಾರ್ಡಿನವರೆಗೆ: ರಾಮನಗರ ಸೀಮೆಯಲ್ಲಿ ಗರ್ಭನಿರೋಧಕಗಳ ಅರಿವು ಮತ್ತು ಬಳಕೆ

ಮೈಸೂರು ಸಂಸ್ಥಾನ 1930ರ ಜೂನ್‌ನಲ್ಲಿ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೊಂದು ಈ ಹೊಣೆ ಹೊತ್ತದ್ದು ಜಗತ್ತಿನಲ್ಲೇ ತೀರಾ ಮೊದಲಿನ ನಿದರ್ಶನಗಳಲ್ಲಿ ಒಂದು. ಆದರೆ ಅದು ಪಟ್ಟಣದ ಸೌಲಭ್ಯವಾಗಿತ್ತು. ರಾಮನಗರ ಸೀಮೆಯ ಬಿಡದಿ, ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಹೆರಿಗೆ, ಬಾಣಂತನಗಳು ಬಹುತೇಕ ಮನೆಯೊಳಗೆ, ಸೂಲಗಿತ್ತಿಯ ಕೈಯಲ್ಲೇ ನಡೆಯುತ್ತಿದ್ದವು.

ಹಳ್ಳಿಗಳತ್ತ ಆರಂಭದ ಹೆಜ್ಜೆಗಳಲ್ಲಿ ಒಂದು ಬಿದ್ದದ್ದು ರಾಮನಗರದಲ್ಲಿ. 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನೆ ಆರಂಭವಾದಾಗ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೆಹಲಿಯ ಲೋದಿ ಕಾಲೊನಿ ಮತ್ತು ರಾಮನಗರಗಳಲ್ಲಿ ‘ಸುರಕ್ಷಿತ ದಿನ’ಗಳ ವಿಧಾನವನ್ನು ಪರೀಕ್ಷಿಸಲಾಯಿತು. ಕೃತಕ ಸಾಧನಗಳನ್ನು ಒಪ್ಪದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಆಹ್ವಾನದ ಮೇಲೆ ಬಂದ ವೈದ್ಯ ಅಬ್ರಹಾಂ ಸ್ಟೋನ್, ದಿನ ಎಣಿಸಲು ಬಣ್ಣದ ಮಣಿಸರ ರೂಪಿಸಿದರು. ಹಸಿರು ಮಣಿಯ ದಿನ ಸುರಕ್ಷಿತ. ಕೆಂಪು ಮಣಿಯ ದಿನ ಗಂಡ ಹೆಂಡತಿ ದೂರವಿರಬೇಕು. ಪ್ರಯೋಗ ಫಲಿಸಲಿಲ್ಲ. ಮುಟ್ಟು ಕ್ರಮವಾಗಿ ಬಂದರಷ್ಟೇ ಈ ಎಣಿಕೆ ನಡೆಯುತ್ತದೆ. ಮುಟ್ಟು ಮರಳದ ಹಾಲೂಡಿಸುವ ತಾಯಿಗೆ ಅದು ಉಪಯೋಗಕ್ಕೆ ಬಾರದು.

1965ರಲ್ಲಿ ಗರ್ಭಕೋಶದೊಳಗೆ ಇಡುವ ವಂಕಿ (ಲೂಪ್) ಬಂತು. ರಕ್ತಸ್ರಾವದ ತೊಂದರೆಯಿಂದ ಅದರ ಮೇಲಿನ ನಂಬಿಕೆ ಬೇಗನೆ ಕುಸಿಯಿತು. 1973ರಲ್ಲಿ ವಿಶ್ವಬ್ಯಾಂಕ್ ಮತ್ತು ಸ್ವೀಡನ್ ನೆರವಿನ ಭಾರತ ಜನಸಂಖ್ಯಾ ಯೋಜನೆ ಬೆಂಗಳೂರು ವಿಭಾಗದಲ್ಲಿ ಆರೋಗ್ಯ ಕೇಂದ್ರಗಳನ್ನು ಬಲಪಡಿಸಿತು. ತುರ್ತು ಪರಿಸ್ಥಿತಿಯ ಒತ್ತಾಯದ ಶಸ್ತ್ರಚಿಕಿತ್ಸೆಗಳ ನಂತರ, 1977ರಲ್ಲಿ, ‘ಕುಟುಂಬ ಯೋಜನೆ’ ‘ಕುಟುಂಬ ಕಲ್ಯಾಣ’ವಾಯಿತು. ಇಷ್ಟು ಮಂದಿ ಎಂದು ಸಂಖ್ಯೆಯ ಗುರಿ ಮುಟ್ಟಿಸುವ ಪದ್ಧತಿ ಮಾತ್ರ 1996ರವರೆಗೂ ಉಳಿಯಿತು. ಅಷ್ಟರಲ್ಲಿ ಹಳ್ಳಿಯ ಮಾತಿನಲ್ಲಿ ‘ಆಪರೇಷನ್’ ಎಂದರೆ ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಎಂಬಂತಾಗಿತ್ತು.

ಅಂಕಿಅಂಶಗಳಲ್ಲೂ ಇದೇ ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇ 69ರಷ್ಟು ಮಂದಿ ಯಾವುದಾದರೊಂದು ವಿಧಾನ ಅನುಸರಿಸುತ್ತಿದ್ದರು. ಶೇ 57ರಷ್ಟು ಮಹಿಳೆಯರು ಆಪರೇಷನ್ ಮಾಡಿಸಿಕೊಂಡಿದ್ದರು. ಗಂಡಸರ ಶಸ್ತ್ರಚಿಕಿತ್ಸೆಯ ಪ್ರಮಾಣ ಸೊನ್ನೆಗೆ ಹತ್ತಿರ. ಹೆರುವುದನ್ನು ನಿಲ್ಲಿಸುವ ದಾರಿ ಬಹುತೇಕ ಎಲ್ಲರಿಗೂ ಗೊತ್ತು, ಎರಡು ಹೆರಿಗೆಗಳ ನಡುವೆ ಅಂತರ ಇಡುವ ಸಾಧನಗಳ ಬಳಕೆ ಕಡಿಮೆ.

ಈ ಕೊರತೆ ತುಂಬಲು ಗರ್ಭಿಣಿಯ ತಪಾಸಣೆ ತಕ್ಕ ಸಮಯ. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯರು ಬಂದರು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. 2016ರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತಿದೆ. ಗರ್ಭಿಣಿಯ ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡ್ ಹಿಡಿದು ಬಂದವಳಿಗೆ ಹೆರಿಗೆಗೆ ಮುಂಚೆಯೇ ಆಯ್ಕೆಗಳನ್ನು ವಿವರಿಸಬಹುದು: ಹೆರಿಗೆಯಾದ 48 ಗಂಟೆಯೊಳಗೆ ಹಾಕುವ ಕಾಪರ್-ಟಿ, ಹಾಲೂಡಿಸುವವರಿಗೆ ಆರು ವಾರಗಳ ನಂತರ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು, ಹಾರ್ಮೋನ್ ಇಲ್ಲದ ‘ಛಾಯಾ’ ಮಾತ್ರೆ.

ಅಡ್ಡಿಗಳು ಉಳಿದಿವೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ತಪಾಸಣೆ ಒಂದು ಕೇಂದ್ರದಲ್ಲಿ, ಹೆರಿಗೆ ಇನ್ನೊಂದರಲ್ಲಿ ಆಗುವುದರಿಂದ ಸಲಹೆಯ ಕೊಂಡಿ ಕಳಚುತ್ತದೆ. ಹಾಲೂಡಿಸುವಾಗ ಬಸಿರು ನಿಲ್ಲದೆಂಬ ನಂಬಿಕೆ ಅರ್ಧ ಮಾತ್ರ ನಿಜ: ಮುಟ್ಟು ಮರಳದೆ, ಹಗಲೂ ರಾತ್ರಿ ಎದೆಹಾಲನ್ನಷ್ಟೇ ಕೊಡುತ್ತಿದ್ದರೆ, ಮೊದಲ ಆರು ತಿಂಗಳಿಗೆ ಅದು ಅನ್ವಯಿಸುತ್ತದೆ. ಅತ್ತೆ, ಗಂಡ ಒಪ್ಪದಿದ್ದರೆ ತಿಳಿದದ್ದೂ ಬಳಕೆಗೆ ಬರುವುದಿಲ್ಲ. ಆದ್ದರಿಂದ ಸಲಹೆ ಗರ್ಭಿಣಿಯ ಜೊತೆಗೆ ಗಂಡನಿಗೂ, ಹೆರಿಗೆಯಾಗುವ ಊರಿನ ಕೇಂದ್ರಕ್ಕೂ ತಲುಪಬೇಕಾಗುತ್ತದೆ.