ಹದಿನಾಲ್ಕರ ಚೀಲದಲ್ಲಿ ಬೆಣೆಗಳಿಗೆಷ್ಟು ಜಾಗ?

2001ರ ಜುಲೈ 22. ಇಂಗ್ಲೆಂಡಿನ ರಾಯಲ್ ಲಿಥಮ್ ಮೈದಾನದಲ್ಲಿ ಓಪನ್ ಚಾಂಪಿಯನ್‌ಶಿಪ್‌ನ ಕೊನೆಯ ದಿನ. ವೇಲ್ಸ್‌ನ ಇಯಾನ್ ವೂಸ್ನಮ್ ಮೊದಲ ಕುಳಿಯನ್ನು ಎರಡೇ ಹೊಡೆತದಲ್ಲಿ ಮುಗಿಸಿ, ಮುನ್ನಡೆಯಲ್ಲಿದ್ದವರ ಸಾಲಿಗೆ ಸೇರಿದ್ದರು. ಎರಡನೇ ಕುಳಿಗೆ ಹೊಡೆಯಲು ನಿಂತಾಗ ಅವರ ಕ್ಯಾಡಿಯ ಕಣ್ಣು ಚೀಲದ ಮೇಲೆ ಬಿತ್ತು. ಅಭ್ಯಾಸಕ್ಕೆಂದು ತಂದಿದ್ದ ಇನ್ನೊಂದು ಡ್ರೈವರ್ ಚೀಲದಲ್ಲೇ ಉಳಿದಿತ್ತು. ಒಟ್ಟು ಹದಿನೈದು. ನಿಯಮ ಹೇಳುವುದು ಹದಿನಾಲ್ಕು. ದಂಡವಾಗಿ ಎರಡು ಹೊಡೆತ ಲೆಕ್ಕಕ್ಕೆ ಸೇರಿ ಮೊದಲ ಕುಳಿಯ ಎರಡು ನಾಲ್ಕಾಯಿತು. ವೂಸ್ನಮ್ ಕೊನೆಗೆ ಜಂಟಿ ಮೂರನೇ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಒಮ್ಮೆಯೂ ಬಳಸದ ಕೋಲಿಗೆ ತೆತ್ತ ಬೆಲೆ ಇದು.

ಗಾಲ್ಫ್‌ನಲ್ಲಿ ಆಡುವ ಕೋಲಿಗೂ ಕ್ಲಬ್ ಎನ್ನುತ್ತಾರೆ, ಆಡುವ ಸಂಸ್ಥೆಗೂ ಕ್ಲಬ್ ಎನ್ನುತ್ತಾರೆ. ಗೊಂದಲ ಬೇಡವೆಂದು ಇಲ್ಲಿ ಕೋಲು ಎಂದೇ ಬರೆಯುತ್ತೇನೆ. ಹದಿನಾಲ್ಕು ಕೋಲುಗಳಲ್ಲಿ ಚೆಂಡನ್ನು ಉರುಳಿಸಿ ಕುಳಿಗೆ ಹಾಕುವ ಪಟರ್ ಒಂದು, ದೂರಕ್ಕೆ ಹೊಡೆಯುವ ಡ್ರೈವರ್ ಒಂದು. ಇವೆರಡರ ಬಗ್ಗೆ ಹೆಚ್ಚು ತಕರಾರಿಲ್ಲ. ತಕರಾರೆಲ್ಲ ವೆಡ್ಜ್‌ಗಳದ್ದು. ವೆಡ್ಜ್ ಎಂದರೆ ಬೆಣೆ. ಮುಖ ಚೆನ್ನಾಗಿ ಹಿಂದಕ್ಕೆ ವಾಲಿರುವ, ಚೆಂಡನ್ನು ಮೇಲಕ್ಕೆತ್ತಿ ಹತ್ತಿರದಲ್ಲೇ ಮೆತ್ತಗೆ ಇಳಿಸುವ ಕಬ್ಬಿಣದ ಕೋಲು. ಇಂಥವು ಚೀಲದಲ್ಲಿ ಎರಡು ಸಾಕೇ, ನಾಲ್ಕು ಬೇಕೇ, ಯಾವುವು ಬೇಕು? ಇಂದಿನ ಆಟಗಾರರನ್ನು ಕಾಡುವ ಈ ಪ್ರಶ್ನೆಗೆ ನೂರು ವರ್ಷಗಳ ಹಿನ್ನೆಲೆಯಿದೆ. ಅದನ್ನು ತಿಳಿದರೆ ಉತ್ತರದ ಅರ್ಧ ಸಿಕ್ಕ ಹಾಗೆ.

ಗಾಡಿ ಜಾಡಿನಿಂದ ಮೇಲೆತ್ತಲು

ಸ್ಕಾಟ್ಲೆಂಡಿನ ಹಳೆಯ ಗಾಲ್ಫ್ ಮೈದಾನಗಳು ಈಗಿನಂತೆ ಹಾಸಿದ ಹಸಿರು ಕಂಬಳಿಗಳಾಗಿರಲಿಲ್ಲ. ಸಮುದ್ರಕ್ಕೂ ಹೊಲಕ್ಕೂ ನಡುವೆ ಬಿದ್ದಿದ್ದ, ಉಳುಮೆಗೆ ಬಾರದ ಮರಳು ನೆಲ ಅದು. ಕುರಿಗಳು ಮೇಯುತ್ತಿದ್ದವು, ಗಾಡಿಗಳು ಅಡ್ಡ ಹಾಯುತ್ತಿದ್ದವು. ಚೆಂಡು ಹೋಗಿ ಗಾಡಿಯ ಜಾಡಿನಲ್ಲಿ ಕುಳಿತರೆ ಅಗಲ ತಲೆಯ ಕೋಲು ಅದರೊಳಗೆ ಹೋಗುವುದಿಲ್ಲ. ಅದಕ್ಕೆಂದೇ ಪುಟ್ಟ, ದುಂಡನೆಯ, ಗಟ್ಟಿ ತಲೆಯ ಕಬ್ಬಿಣದ ಕೋಲೊಂದನ್ನು ಮಾಡಿಸಿಕೊಂಡರು. ಮಾಡಿಕೊಡುತ್ತಿದ್ದವರು ಕುಲುಮೆಯ ಕಮ್ಮಾರರು. ಆ ಬಗೆಯ ಕೋಲಿಗೆ ಮುಂದೆ ನಿಬ್ಲಿಕ್ ಎಂಬ ಹೆಸರು ನಿಂತಿತು. ಇಂದಿನ ವೆಡ್ಜ್‌ಗಳ ವಂಶವೃಕ್ಷದಲ್ಲಿ ಮೊದಲಿಗೆ ಬರೆಯಬೇಕಾದ ಹೆಸರು ಅದು.

ಆಗ ಕೋಲಿಗೆ ಸಂಖ್ಯೆ ಇರಲಿಲ್ಲ, ಹೆಸರಿತ್ತು: ಕ್ಲೀಕ್, ಮ್ಯಾಶಿ, ನಿಬ್ಲಿಕ್. ಹಿಡಿಕೆ ಹಿಕರಿ ಎಂಬ ಮರದ್ದು. ಮರದ ಹಿಡಿಕೆ ಒಂದೊಂದು ಒಂದೊಂದು ಬಗೆಯಲ್ಲಿ ಬಾಗುತ್ತದೆ. ಆಟಗಾರ ಅದರ ಗುಣ ಅರಿತು, ಒಂದೇ ಕೋಲಿನಲ್ಲಿ ಪೂರ್ತಿ, ಮುಕ್ಕಾಲು, ಅರ್ಧ ಹೊಡೆತಗಳನ್ನೆಲ್ಲ ಹೊಡೆಯುತ್ತಿದ್ದ. 1916ರಲ್ಲಿ ಚಿಕ್ ಇವಾನ್ಸ್ ಬರೀ ಏಳು ಕೋಲುಗಳಲ್ಲಿ ಅಮೆರಿಕದ ಯುಎಸ್ ಓಪನ್ ಗೆದ್ದರು. ಕೋಲು ಕಡಿಮೆ, ಕೈಚಳಕ ಹೆಚ್ಚು.

ಮರಳಿನ ಸಮಸ್ಯೆ

ನಿಬ್ಲಿಕ್‌ಗೆ ಒಂದು ದೊಡ್ಡ ಕೊರತೆಯಿತ್ತು. ಅದರ ಕೆಳಅಂಚು ತೆಳುವಾಗಿ, ಚೂಪಾಗಿತ್ತು. ಬಂಕರ್ ಎನ್ನುವ ಮರಳುಗುಂಡಿಯಲ್ಲಿ ಬೀಸಿದರೆ ನೇಗಿಲಿನ ಗುಳದಂತೆ ಒಳಕ್ಕೆ ಇಳಿದುಬಿಡುತ್ತಿತ್ತು. ಚೆಂಡು ಇದ್ದಲ್ಲೇ ಇರುತ್ತಿತ್ತು.

ಟೆಕ್ಸಾಸ್‌ನ ಎಡ್ವಿನ್ ಮೆಕ್‌ಕ್ಲೇನ್ 1928ರಲ್ಲಿ ಇದಕ್ಕೊಂದು ಪರಿಹಾರಕ್ಕೆ ಪೇಟೆಂಟ್ ಪಡೆದರು. ತಳ ಅಗಲ, ತೂಕ ಹೆಚ್ಚು, ಮುಖ ಮಾತ್ರ ಸೌಟಿನಂತೆ ಒಳಬಾಗು. ಬಾಬಿ ಜೋನ್ಸ್ 1930ರಲ್ಲಿ ಹಾಯ್‌ಲೇಕ್‌ನ ಓಪನ್ ಪಂದ್ಯದ ಕೊನೆಯ ಸುತ್ತಿನಲ್ಲಿ ಇಂಥದ್ದೇ ಕೋಲಿನಿಂದ ಬಂಕರಿನಲ್ಲಿದ್ದ ಚೆಂಡನ್ನು ಕುಳಿಯ ಪಕ್ಕಕ್ಕೇ ತಂದಿಟ್ಟರು. ಆ ಪಂದ್ಯ ಗೆದ್ದರು, ಅದೇ ವರ್ಷ ನಾಲ್ಕು ಪ್ರಮುಖ ಪ್ರಶಸ್ತಿಗಳನ್ನೂ ಗೆದ್ದರು. ಆದರೆ ಒಳಬಾಗಿದ ಮುಖಕ್ಕೆ ಚೆಂಡು ಒಂದೇ ಹೊಡೆತದಲ್ಲಿ ಎರಡು ಸಲ ತಾಗಬಹುದೆಂಬ ಆಕ್ಷೇಪ ಎದ್ದಿತು. 1931ರಲ್ಲಿ ಆ ಬಗೆಯ ಕೋಲನ್ನು ನಿಷೇಧಿಸಲಾಯಿತು.

ಅಲ್ಲಿಗೆ ಜೀನ್ ಸ್ಯಾರಜೆನ್ ಬಂದರು. ಹುಟ್ಟುಹೆಸರು ಯುಜೀನಿಯೊ ಸರಚೇನಿ, ನ್ಯೂಯಾರ್ಕ್ ಬಳಿಯ ಇಟಾಲಿಯನ್ ವಲಸಿಗರ ಮನೆಯ ಹುಡುಗ. ಚಿಕ್ಕಂದಿನಲ್ಲೇ ಕ್ಯಾಡಿಯಾಗಿ ಬೇರೆಯವರ ಚೀಲ ಹೊರುತ್ತಾ ಆಟ ಕಲಿತವರು. ಅವರಿಗೂ ಬಂಕರ್ ಎಂದರೆ ಅಳುಕು. ವಿಮಾನ ಮೇಲೇರುವಾಗ ಬಾಲ ಕೆಳಗಾಗಿ ಮೂತಿ ಮೇಲೇಳುವುದನ್ನು ಕಂಡು ಉಪಾಯ ಹೊಳೆಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಫ್ಲಾರಿಡಾದ ಮನೆಯಲ್ಲಿ ಕೂತು ನಿಬ್ಲಿಕ್‌ನ ತಳದ ಹಿಂಭಾಗಕ್ಕೆ ಬೆಸುಗೆ ಸೀಸ ತುಂಬಿದರು, ಅರದಲ್ಲಿ ಉಜ್ಜಿದರು, ಮರಳಲ್ಲಿ ಹೊಡೆದು ನೋಡಿದರು, ಮತ್ತೆ ಉಜ್ಜಿದರು. ಮುಖ ಚಪ್ಪಟೆಯಾಗಿಯೇ ಇತ್ತು, ಹಾಗಾಗಿ ನಿಷೇಧದ ಭಯವಿಲ್ಲ. ತಳದ ಹಿಂಭಾಗ ಮಾತ್ರ ಮುಂದಿನ ಅಂಚಿಗಿಂತ ಕೆಳಗಿತ್ತು.

ಇದನ್ನೇ ಇಂದು ಬೌನ್ಸ್ ಎನ್ನುವುದು. ಗುಳ ನೆಲ ಸೀಳುತ್ತದೆ; ಕೆಸರುಗದ್ದೆ ಸಮ ಮಾಡಲು ಎಳೆಯುವ ಹಲಗೆ ಮೇಲೆ ಮೇಲೆ ಜಾರುತ್ತದೆ. ಸ್ಯಾರಜೆನ್ ಗುಳವನ್ನು ಹಲಗೆಯಾಗಿಸಿದರು. ಕೋಲು ಚೆಂಡಿಗೆ ತಾಗುವುದೇ ಇಲ್ಲ. ಚೆಂಡಿನ ಹಿಂದೆ ಮರಳಿಗಿಳಿದು, ಆಳಕ್ಕೆ ಹೋಗದೆ ಜಾರಿ, ಒಂದು ಹಿಡಿ ಮರಳಿನ ಜೊತೆ ಚೆಂಡನ್ನು ಹೊರಗೆಸೆಯುತ್ತದೆ.

1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಮೈದಾನದಲ್ಲಿ ಓಪನ್. ಅಧಿಕಾರಿಗಳು ಮೊದಲೇ ನೋಡಿದರೆ ಬೇಡ ಎನ್ನಬಹುದೆಂದು ಅಭ್ಯಾಸ ಮುಗಿದ ಮೇಲೆ ಸ್ಯಾರಜೆನ್ ಆ ಕೋಲನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೋಟೆಲಿಗೆ ಒಯ್ಯುತ್ತಿದ್ದರಂತೆ. 283 ಹೊಡೆತಗಳ ದಾಖಲೆಯೊಂದಿಗೆ ಗೆದ್ದರು. ಅದೇ ತಿಂಗಳು ಯುಎಸ್ ಓಪನ್ ಕೂಡ ಗೆದ್ದರು. ಮರುವರ್ಷ ವಿಲ್ಸನ್ ಕಂಪನಿ ಆರ್-90 ಹೆಸರಿನಲ್ಲಿ ಸ್ಯಾಂಡ್ ವೆಡ್ಜನ್ನು ಅಂಗಡಿಗೆ ತಂದಿತು. ಅಗಲ ತಳದ ವಿಚಾರ ಸ್ಯಾರಜೆನ್‌ಗಿಂತ ಮೊದಲೇ ಇತ್ತೆಂದು ಮೆಕ್‌ಕ್ಲೇನ್ ಪೇಟೆಂಟ್ ಹೇಳುತ್ತದೆ. ಆದರೆ ನಿಯಮದೊಳಗೆ ನಿಂತು ಎಲ್ಲರ ಚೀಲಕ್ಕೆ ಇಳಿದದ್ದು ಈ ಹಳೆಯ ಕ್ಯಾಡಿಯ ಕೋಲು.

ಹೊರುವವರ ಹೆಗಲು

ಅದೇ ಹೊತ್ತಿಗೆ ಹಿಡಿಕೆ ಮರದಿಂದ ಉಕ್ಕಿಗೆ ಬದಲಾಗುತ್ತಿತ್ತು. ಬ್ರಿಟನ್ 1929ರಲ್ಲಿ ಉಕ್ಕಿಗೆ ಒಪ್ಪಿಗೆ ಕೊಟ್ಟಿತು. ಉಕ್ಕಿನ ಹಿಡಿಕೆಗಳು ಒಂದೇ ಅಚ್ಚಿನಂತೆ ಬಾಗುತ್ತವೆ. ಹಾಗಾಗಿ ಒಂದೇ ಕೋಲಿನಲ್ಲಿ ಮೂರು ಬಗೆಯ ಹೊಡೆತ ಕಲಿಯುವ ಬದಲು ಮೂರು ಕೋಲು ಇಟ್ಟುಕೊಂಡು ಒಂದೇ ಬಗೆಯಲ್ಲಿ ಬೀಸುವುದು ಸುಲಭವಾಯಿತು. ಹೆಸರುಗಳು ಹೋಗಿ ಸಂಖ್ಯೆಗಳು ಬಂದವು. ಕಂಪನಿಗಳು ಸೆಟ್ ಲೆಕ್ಕದಲ್ಲಿ ಮಾರತೊಡಗಿದವು. 1934ರಲ್ಲಿ ಬ್ರಿಟಿಷ್ ಅಮೆಚೂರ್ ಗೆದ್ದ ಲಾಸನ್ ಲಿಟಲ್ ಚೀಲದಲ್ಲಿ 25ಕ್ಕೂ ಹೆಚ್ಚು ಕೋಲುಗಳಿರುತ್ತಿದ್ದವು, ಅದರಲ್ಲಿ ವೆಡ್ಜ್‌ಗಳೇ ಹಲವು.

ಆಡುವವನಿಗೆ ಅನುಕೂಲ ಸರಿ, ಹೊರುವವನಿಗೆ? ಆಗ ಕ್ಯಾಡಿಗಳಲ್ಲಿ ಅನೇಕರು ಶಾಲೆಗೆ ಹೋಗಬೇಕಾದ ವಯಸ್ಸಿನ ಹುಡುಗರು. 1913ರಲ್ಲಿ ಯುಎಸ್ ಓಪನ್ ಗೆದ್ದ ಫ್ರಾನ್ಸಿಸ್ ವೀಮೆಟ್ ಚೀಲ ಹೊತ್ತ ಎಡ್ಡಿ ಲೋವರಿಗೆ ಹತ್ತೇ ವರ್ಷ. ಆ ಚೀಲ ಹಗುರವಿತ್ತು. ಇಪ್ಪತ್ತೈದು ಉಕ್ಕಿನ ಕೋಲುಗಳ ಚೀಲವನ್ನು ಹದಿನೆಂಟು ಕುಳಿಗಳುದ್ದಕ್ಕೂ ಹೊರುವುದು ಬೇರೆಯೇ ಮಾತು. ಕೈಚಳಕ ಕಳೆದುಹೋಗುತ್ತಿದೆ ಎಂಬ ಹಿರಿಯರ ಆತಂಕ ಒಂದು ಕಡೆ, ಕ್ಯಾಡಿಗಳ ಮೇಲಿನ ಹೊರೆ ಇನ್ನೊಂದು ಕಡೆ. ಅಮೆರಿಕ 1938ರಲ್ಲಿ, ಬ್ರಿಟನ್ 1939ರಲ್ಲಿ ಹದಿನಾಲ್ಕರ ಮಿತಿ ಹಾಕಿದವು. ಆ ಮಿತಿ ಇಂದಿಗೂ ಹಾಗೇ ಇದೆ.

ಅಲ್ಲಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಯಾವುದನ್ನು ಕೊಳ್ಳಲಿ ಎಂಬುದು ಹಣವಂತರ ಪ್ರಶ್ನೆ. ಯಾವುದನ್ನು ಬಿಡಲಿ ಎಂಬುದು ಎಲ್ಲರ ಪ್ರಶ್ನೆ.

ಕಂದಕ ತೋಡಿದವರು ಯಾರು?

ಮಿತಿ ಬಂದ ಮೇಲೆ ಹಲವು ದಶಕ ಹೆಚ್ಚಿನವರ ಚೀಲದಲ್ಲಿ ಎರಡೇ ವೆಡ್ಜ್: ಪಿಚಿಂಗ್ ವೆಡ್ಜ್ ಮತ್ತು ಸ್ಯಾಂಡ್ ವೆಡ್ಜ್. ಕೋಲಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬ ಅಳತೆಗೆ ಲಾಫ್ಟ್ ಎನ್ನುತ್ತಾರೆ. ಲಾಫ್ಟ್ ಹೆಚ್ಚಿದಷ್ಟೂ ಚೆಂಡು ಎತ್ತರಕ್ಕೆ, ಕಡಿಮೆ ದೂರಕ್ಕೆ. 1970ರ ದಶಕದ ಪಿಚಿಂಗ್ ವೆಡ್ಜ್ 50 ಡಿಗ್ರಿಯ ಆಸುಪಾಸು, ಸ್ಯಾಂಡ್ ವೆಡ್ಜ್ 56ರ ಆಸುಪಾಸು. ನಡುವಿನ ಅಂತರ ಆರು ಡಿಗ್ರಿ. ಕೈಯಲ್ಲಿ ನಿಭಾಯಿಸಬಹುದಾದ ಅಂತರ.

ಆಮೇಲೆ ದೂರದ ಪೈಪೋಟಿ ಶುರುವಾಯಿತು. ನಮ್ಮ 7 ಐರನ್ ಎದುರಾಳಿ ಕಂಪನಿಯ 7 ಐರನ್‌ಗಿಂತ ದೂರ ಹೊಡೆಯುತ್ತದೆ ಎಂದರೆ ಗಿರಾಕಿ ತಿರುಗಿ ನೋಡುತ್ತಾನೆ. ಹಾಗೆನ್ನಿಸಲು ಸುಲಭ ದಾರಿ, 6 ಐರನ್‌ನ ಲಾಫ್ಟ್ ಇರುವ ಕೋಲಿನ ಮೇಲೆ 7 ಎಂದು ಕೊರೆಯುವುದು. ಪೂರ್ತಿ ಮೋಸ ಎನ್ನಲಾಗದು. ತಲೆಯ ತೂಕವನ್ನು ಕೆಳಕ್ಕೆ ಇಳಿಸಿದ ಹೊಸ ವಿನ್ಯಾಸಗಳಲ್ಲಿ ಚೆಂಡು ತಾನಾಗಿಯೇ ಎತ್ತರಕ್ಕೆ ಹೋಗುವುದರಿಂದ ಲಾಫ್ಟ್ ತುಸು ಇಳಿಸಬೇಕಾಗಿತ್ತು. ಆದರೆ ಇಳಿಕೆ ಅಲ್ಲಿಗೆ ನಿಲ್ಲಲಿಲ್ಲ. ಇಂದಿನ ಹಲವು ಸೆಟ್‌ಗಳಲ್ಲಿ ಪಿಚಿಂಗ್ ವೆಡ್ಜ್ 43ರಿಂದ 45 ಡಿಗ್ರಿ. ಸ್ಯಾಂಡ್ ವೆಡ್ಜ್ ಮಾತ್ರ ಮರಳಿನ ಕೆಲಸಕ್ಕೆ ಬೇಕಾದ್ದರಿಂದ 54–56ರಲ್ಲೇ ನಿಂತಿದೆ. ಆರು ಡಿಗ್ರಿ ಇದ್ದ ಅಂತರ ಹನ್ನೊಂದು ಹನ್ನೆರಡು ಡಿಗ್ರಿಯಾಯಿತು. ಗಜದ ಲೆಕ್ಕದಲ್ಲಿ ಇದು ಸುಮಾರು ಮೂವತ್ತು ಗಜ. ಒಂದರಲ್ಲಿ ಹೊಡೆದರೆ ದಾಟಿಹೋಗುತ್ತದೆ, ಇನ್ನೊಂದರಲ್ಲಿ ಹೊಡೆದರೆ ಮುಟ್ಟುವುದಿಲ್ಲ.

ಈ ಕಂದಕ ತುಂಬಲು ಕಂಪನಿಗಳು 50–52 ಡಿಗ್ರಿಯ ಹೊಸ ಕೋಲು ಮಾರಿದವು. ಹೆಸರೇ ಗ್ಯಾಪ್ ವೆಡ್ಜ್. ನೋಡಿದರೆ ಅದು ಹಳೆಯ ಪಿಚಿಂಗ್ ವೆಡ್ಜೇ, ಹೆಸರು ಬದಲಿಸಿ ಮತ್ತೆ ಬಂದಿದೆ. ಕಂದಕ ತೋಡಿದವರೇ ಮಣ್ಣನ್ನೂ ಮಾರಿದರು!

ಇನ್ನೊಂದು ತುದಿಯಲ್ಲಿ 60 ಡಿಗ್ರಿಯ ಲಾಬ್ ವೆಡ್ಜ್ ಬಂತು. ಹಿಂದೆ ನಾಸಾದಲ್ಲಿದ್ದ ಭೌತವಿಜ್ಞಾನಿ ಡೇವ್ ಪೆಲ್ಜ್ ಆಟಗಾರರ ಹೊಡೆತಗಳನ್ನು ಅಳೆದು, ಹೊಡೆತಗಳು ಉಳಿಯುವುದೂ ಕಳೆಯುವುದೂ ಕುಳಿಯ ಸಮೀಪದ ಆಟದಲ್ಲಿ ಎಂದು ವಾದಿಸಿದರು. ಅವರ ಮಾತು ಕೇಳಿ ಟಾಮ್ ಕೈಟ್ 1980ರ ಸುಮಾರಿಗೆ 60 ಡಿಗ್ರಿಯ ಕೋಲನ್ನು ಚೀಲಕ್ಕಿಳಿಸಿದರು. 1981ರಲ್ಲಿ ಅಮೆರಿಕದ ಟೂರ್‌ನಲ್ಲಿ ಅತಿ ಹೆಚ್ಚು ಬಹುಮಾನ ಗಳಿಸಿದವರು ಅವರೇ. ಉಳಿದವರೂ ಹಿಂಬಾಲಿಸಿದರು. ಎರಡಿದ್ದ ವೆಡ್ಜ್ ನಾಲ್ಕಾಯಿತು. ಹದಿನಾಲ್ಕು ಮಾತ್ರ ಹದಿನಾಲ್ಕಾಗಿಯೇ ಉಳಿಯಿತು.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳುವುದು?

ಫಿಲ್ ಮಿಕಲ್ಸನ್ 2006ರಲ್ಲಿ ಎರಡು ಡ್ರೈವರ್ ಇಟ್ಟುಕೊಂಡು ಮಾಸ್ಟರ್ಸ್ ಗೆದ್ದವರು. 2013ರ ಯುಎಸ್ ಓಪನ್‌ಗೆ, ಉದ್ದ ಕಡಿಮೆಯಿದ್ದ ಮೆರಿಯನ್ ಮೈದಾನಕ್ಕೆ, ಡ್ರೈವರನ್ನೇ ಬಿಟ್ಟು ಐದು ವೆಡ್ಜ್ ಹೊತ್ತು ಬಂದರು. ಕೊನೆಯ ದಿನ ಸುಮಾರು 120 ಗಜದ 13ನೇ ಕುಳಿಯಲ್ಲಿ ವೆಡ್ಜ್ ಹೊಡೆತ ಗ್ರೀನ್ ದಾಟಿ ಹೋಯಿತು. 15ರಲ್ಲಿ ಇನ್ನೊಂದು ವೆಡ್ಜ್ ಹೊಡೆತ ಗುರಿ ಮುಟ್ಟಲಿಲ್ಲ. ಎರಡು ಹೊಡೆತಗಳಿಂದ ಜಸ್ಟಿನ್ ರೋಸ್‌ಗೆ ಸೋತರು. ಐದಿದ್ದರೂ ಆ ಗಳಿಗೆಗೆ ಸರಿಯಾದದ್ದು ಕೈಗೆ ಬರಬೇಕಲ್ಲ!

ಸಾಮಾನ್ಯ ಆಟಗಾರನ ಲೆಕ್ಕ ಸರಳ. ಪಟರ್ ಒಂದು, ಡ್ರೈವರ್ ಒಂದು, ದೂರದ ಹೊಡೆತದ ವುಡ್ ಅಥವಾ ಹೈಬ್ರಿಡ್ ಮೂರು, 5ರಿಂದ 9ರವರೆಗಿನ ಐರನ್ ಐದು. ಹತ್ತಾಯಿತು. ಉಳಿದದ್ದು ನಾಲ್ಕು. ಮೊದಲು ನಿಮ್ಮ ಪಿಚಿಂಗ್ ವೆಡ್ಜ್ ಎಷ್ಟು ಡಿಗ್ರಿ ಎಂದು ತಿಳಿದುಕೊಳ್ಳಿ. ಅದು 44 ಆದರೆ 50, 56 ಸೇರಿಸಿ ಮೂರರಲ್ಲೇ ಮುಗಿಸಬಹುದು. ನಾಲ್ಕು ಬೇಕೆಂದರೆ 44, 49, 54, 59. ಹೆಜ್ಜೆಗಳ ಅಂತರ ಸಮವಾಗಿರಬೇಕು, ಅಷ್ಟೇ. ಕೋಲಿನ ಮೇಲೆ ಕೊರೆದ ಅಕ್ಷರ ಏನೇ ಇರಲಿ. 60 ಡಿಗ್ರಿಯ ಕೋಲು ಅಭ್ಯಾಸಕ್ಕೆ ಸಮಯವಿದ್ದವರಿಗೆ. ತುಸು ತಪ್ಪಿದರೂ ಚೆಂಡು ಮೇಲೆದ್ದು ಎದುರಿಗೇ ಬೀಳುತ್ತದೆ.

ಎರಡನೆಯದು ನೆಲ. ಮಳೆಗಾಲದ ಮೆತ್ತನೆ ನೆಲಕ್ಕೆ, ಸಡಿಲ ಮರಳಿಗೆ ಬೌನ್ಸ್ ಹೆಚ್ಚಿರುವ ಕೋಲು ಒಳ್ಳೆಯದು. ಬಯಲುಸೀಮೆಯ ಬೇಸಿಗೆಯಲ್ಲಿ ಕಾದು ಗಟ್ಟಿಯಾದ ನೆಲದ ಮೇಲೆ ಅದೇ ಕೋಲು ಪುಟಿದು ಚೆಂಡಿನ ನಡುವಿಗೆ ಬಡಿಯುತ್ತದೆ. ಅಲ್ಲಿಗೆ ಬೌನ್ಸ್ ಕಡಿಮೆ ಇರಬೇಕು. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು, ಸ್ಯಾರಜೆನ್ ಸೀಸ ಕರಗಿಸುವುದಕ್ಕೆ ಅರ್ಧ ಶತಮಾನ ಮೊದಲಿನದು. ಇಲ್ಲಿ ಹುಟ್ಟಿ ಬೆಳೆದ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ದೂರ ಹೊಡೆಯುವವರ ಪಟ್ಟಿಯಲ್ಲಿ ಅವರು ಕೆಳಗಿದ್ದರು. ಪದಕದ ಅಂಚಿನವರೆಗೆ ಕರೆದೊಯ್ದದ್ದು ಕುಳಿಯ ಸಮೀಪದ ಆಟ.

ಮೂರನೆಯದಾಗಿ, ಮೈದಾನದ ಕ್ಯಾಡಿಯನ್ನು ಕೇಳಿ. ಚೀಲ ಹೊರುವವರಿಗೆ ಆಟ ಗೊತ್ತಿಲ್ಲ ಎಂದುಕೊಳ್ಳಬೇಡಿ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. ಯಾವ ಬಂಕರಿನ ಮರಳು ಗಟ್ಟಿ, ಯಾವುದು ಸಡಿಲ, ನಿಮ್ಮ ಚೀಲದ ಯಾವ ಕೋಲು ಇಡೀ ದಿನ ಹೊರಗೆ ಬರಲೇ ಇಲ್ಲ ಎಂಬುದು ಅಂಗಡಿಯವನಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.